ಕಾಲೇಜು ಕ್ರೀಡೆಯ ವಕೀಲರಿಗೆ ಏಜೆಂಟ್‌ಗಿರಿಗಿಂತ ಗಂಟೆ ಲೆಕ್ಕ ಮುಖ್ಯ

ಎಲ್‌ಎಲ್‌ಬಿ ಮುಗಿಸಿ ಎಲ್‌ಎಲ್‌ಎಂಗೆ ಅಮೆರಿಕಕ್ಕೆ ಹೊರಟವರಿಗೆ ‘ಸ್ಪೋರ್ಟ್ಸ್ ಲಾ’ ಅಂದ ಕೂಡಲೇ ಕಣ್ಣಿಗೆ ಕಟ್ಟುವುದು ಸ್ಟಾರ್ ಆಟಗಾರನ ಕಾಂಟ್ರ್ಯಾಕ್ಟು, ಪಕ್ಕದಲ್ಲಿ ಸೂಟು ತೊಟ್ಟ ಏಜೆಂಟು. ಆ ಸೀಟುಗಳು ಬೆರಳೆಣಿಕೆಯಷ್ಟು. ಅಲ್ಲಿನ ಕಾಲೇಜು ಕ್ರೀಡೆಗೆ ಈಗ ಬೇಕಿರುವುದು ಆ ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎಯ ನಿಯಮಾವಳಿ ಮತ್ತು ಕಾರ್ಮಿಕ ಕಾನೂನು ಎರಡನ್ನೂ ಅರೆದು ಕುಡಿದ ವಕೀಲರು. ಒಂದನ್ನಷ್ಟೇ ಬಲ್ಲವರಿಂದ ವಿಶ್ವವಿದ್ಯಾಲಯಕ್ಕೆ ಲಾಭಕ್ಕಿಂತ ಅಪಾಯವೇ ಜಾಸ್ತಿ.

ವಿಶ್ವವಿದ್ಯಾಲಯದಲ್ಲಿ ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲೈಯನ್ಸ್ ಆಫೀಸಿನ ದಿನನಿತ್ಯದ ಕೆಲಸವನ್ನೇ ನೋಡಿ. ಎನ್‌ಸಿಎಎಯ 17ನೇ ಬೈಲಾ ಪ್ರಕಾರ ಡಿವಿಷನ್ 1 (ಅತಿ ಮೇಲಿನ ಹಂತ) ಆಟಗಾರರಿಗೆ ಸೀಸನ್ನಿನಲ್ಲಿ ಅಭ್ಯಾಸ-ಪಂದ್ಯಗಳಿಗೆ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆಯ ಮಿತಿ. ವಾರಕ್ಕೊಂದು ದಿನ ರಜೆ. ಸೀಸನ್ ಮುಗಿದ ಮೇಲೆ, ತರಗತಿಗಳು ನಡೆಯುವಾಗ, ಸಾಮಾನ್ಯವಾಗಿ ವಾರಕ್ಕೆ 8 ಗಂಟೆ. ಕೋಚ್ ಕಡೆಯವರು ಈ ಗಂಟೆಗಳ ಲಾಗ್ ತುಂಬುತ್ತಾರೆ, ಆಟಗಾರರು ಸರಿಯಿದೆ ಎಂದು ಒಪ್ಪುತ್ತಾರೆ, ಕಂಪ್ಲೈಯನ್ಸ್‌ನವರು ತಾಳೆ ನೋಡುತ್ತಾರೆ. ಬೆಳಗ್ಗೆ 7ಕ್ಕೆ ಬಸ್ ಹತ್ತಿ, ಪಕ್ಕದ ಊರಲ್ಲಿ ಆಡಿ, ರಾತ್ರಿ 9ಕ್ಕೆ ಹಾಸ್ಟೆಲಿಗೆ ಮರಳಿದರೂ ಪಂದ್ಯದ ದಿನಕ್ಕೆ ಲಾಗ್‌ನಲ್ಲಿ ಬೀಳುವುದು 3 ಗಂಟೆ ಮಾತ್ರ. ಪ್ರಯಾಣ ಲೆಕ್ಕಕ್ಕಿಲ್ಲ. ಫಿಸಿಯೊ ಹತ್ತಿರ ಕಳೆದದ್ದೂ ಇಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ‘ವಾಲಂಟರಿ’ ವರ್ಕೌಟಿನಲ್ಲಿ. ಅದು ನಿಜಕ್ಕೂ ವಾಲಂಟರಿ ಅನ್ನಿಸಿಕೊಳ್ಳಬೇಕಾದರೆ ಆಟಗಾರನೇ ತಾನಾಗಿ ಕೇಳಿರಬೇಕು, ಕೋಚ್‌ಗೆ ವರದಿ ಹೋಗಬಾರದು, ಕೋಚ್‌ಗೆ ತಿಳಿಸಲೆಂದು ಹಾಜರಿ ತೆಗೆದುಕೊಳ್ಳಬಾರದು, ಬಾರದವನಿಗೆ ಶಿಕ್ಷೆ ಇರಬಾರದು. ಕ್ಯಾಪ್ಟನ್ ಕೈಯಲ್ಲಿ ಹಾಜರಿ ಪಟ್ಟಿ ಕೊಟ್ಟರೂ, ಅಸಿಸ್ಟೆಂಟ್ ಕೋಚ್ ಗ್ರೂಪಿನಲ್ಲಿ ‘ಬರೋದು ಬಿಡೋದು ನಿಮ್ಮಿಷ್ಟ, ಯಾರು ಬರ್ತಾರೆ ಅಂತ ಗೊತ್ತಾಗುತ್ತೆ’ ಎಂದು ಮೆಸೇಜ್ ಹಾಕಿದರೂ ಅದು ಲೆಕ್ಕಕ್ಕೆ ಬರುವ ಗಂಟೆಯೇ. ಆ ಸ್ಕ್ರೀನ್‌ಶಾಟ್ ಇಂದಲ್ಲ ನಾಳೆ ಯಾವುದೋ ದಾವೆಯ ಲಗತ್ತಾಗಿ ಬಂದೇ ಬರುತ್ತದೆ.

ಇಲ್ಲಿಂದ ಮುಂದಿನದು ಕಾರ್ಮಿಕ ಕಾನೂನಿನ ಪಾಳಿ. 2024ರ ಜುಲೈ 11ರಂದು ಫಿಲಡೆಲ್ಫಿಯಾದ ಥರ್ಡ್ ಸರ್ಕ್ಯೂಟ್ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಆಟಗಾರರು ವೇತನ ಕೇಳಿ ಹೂಡಿದ ಜಾನ್ಸನ್ ಪ್ರಕರಣದಲ್ಲಿ, ‘ಅಮೆಚೂರ್’ ಎಂಬ ಹಣೆಪಟ್ಟಿ ಇದೆಯೆಂಬ ಒಂದೇ ಕಾರಣಕ್ಕೆ ಕನಿಷ್ಠ ವೇತನ ಕಾಯ್ದೆಯಿಂದ ಆಟಗಾರರನ್ನು ಹೊರಗಿಡಲಾಗದು ಎಂದಿತು. ಎಲ್ಲ ಆಟಗಾರರೂ ನೌಕರರು ಎಂದು ಅದು ಹೇಳಿಲ್ಲ. ಹಾಗೆ ಓದಿಕೊಂಡವರು ಬಹಳ ಮಂದಿ. ಆಟದ ಸೇವೆ ಮುಖ್ಯವಾಗಿ ಯಾರ ಲಾಭಕ್ಕೆ, ಹಿಡಿತ ಯಾರ ಕೈಯಲ್ಲಿ, ಪ್ರತಿಫಲವಾಗಿ ಏನಾದರೂ ಸಿಗುತ್ತಿದೆಯೇ ಎಂಬ ಪ್ರಶ್ನೆಗಳನ್ನಿಟ್ಟು ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸಿತು. ಹಿಡಿತಕ್ಕೆ ಸಾಕ್ಷಿ ಬೇಕಲ್ಲ? ಅದೇ ಲಾಗ್ ಇದೆ. ಇವರು ವಿದ್ಯಾರ್ಥಿಗಳೇ ಎಂದು ತೋರಿಸಲು ವರ್ಷಗಟ್ಟಲೆ ಇಟ್ಟ ದಾಖಲೆ ಎದುರು ಪಕ್ಷದ ವಕೀಲರಿಗೆ ರೆಡಿಮೇಡ್ ಟೈಮ್‌ಶೀಟ್. ವೇತನ ಕಾನೂನಿನಲ್ಲಿ ಕಡ್ಡಾಯ ಮೀಟಿಂಗು, ಕೆಲಸದ ನಡುವಿನ ಪ್ರಯಾಣ, ಕಾಯಿಸಿದ ಹೊತ್ತು ಸಾಮಾನ್ಯವಾಗಿ ಗಂಟೆಗಳೇ. ಬೈಲಾದ 3 ಗಂಟೆ ಅಲ್ಲಿ ಸುಲಭವಾಗಿ 10 ದಾಟುತ್ತದೆ.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಮಂಜೂರು ಮಾಡಿದ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ‘ಹೌಸ್’ ದಾವೆಯ ರಾಜಿ ಒಪ್ಪಂದ ಈ ಗೋಜಲಿಗೆ ದುಡ್ಡನ್ನೂ ಸೇರಿಸಿತು. ಹಿಂದೆ ಆಡಿದವರ ಹಳೆಯ ಬಾಕಿಗೆ ಸುಮಾರು 280 ಕೋಟಿ ಡಾಲರ್. 2025-26ರಿಂದ ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು; ಮೊದಲ ವರ್ಷದ ಮಿತಿ ತಲಾ ಸುಮಾರು 2.05 ಕೋಟಿ ಡಾಲರ್. ಹೊರಗಿನವರ ಜೊತೆಗಿನ 600 ಡಾಲರ್ ಅಥವಾ ಹೆಚ್ಚಿನ ಪ್ರಚಾರ ಒಪ್ಪಂದಗಳನ್ನು ಇಂಥ ಒಪ್ಪಂದಗಳನ್ನು ಪರಿಶೀಲಿಸುವ ‘ನಿಲ್ ಗೋ’ ಪೋರ್ಟಲ್‌ಗೆ ವರದಿ ಮಾಡಬೇಕು. ಹಣ ಹಂಚುವ ಕರಾರಿನಲ್ಲಿ ಮೊದಲಿಗೇ ‘ಇದು ಉದ್ಯೋಗವಲ್ಲ’ ಎಂಬ ಕಲಮು. ನಾಲ್ಕು ಪುಟ ತಿರುವಿದರೆ ಶಿಸ್ತಿನ ನಿಯಮ, ಸೋಷಿಯಲ್ ಮೀಡಿಯಾ ಕಟ್ಟುಪಾಡು, ಬೇರೆ ಕಾಲೇಜಿಗೆ ಹೋದರೆ ಹಣ ಕಟ್ಟಿಕೊಡಬೇಕೆಂಬ ಷರತ್ತು. ಮೊದಲ ಕಲಮನ್ನು ಉಳಿದವೇ ಸುಳ್ಳು ಮಾಡುತ್ತವೆ. ವೇತನ ಕಾನೂನು ಹೆಸರು ನೋಡುವುದಿಲ್ಲ, ನಡೆಯುವುದನ್ನು ನೋಡುತ್ತದೆ. ಕರಾರು ಬರೆಯುವವರಿಗೆ ಇದು ಗೊತ್ತಿಲ್ಲ ಅಂತೇನಲ್ಲ. ಕೋಚ್‌ಗಳ ಒತ್ತಡ ಹಾಗಿರುತ್ತದೆ.

ಯೂನಿಯನ್ ವಿಷಯ ಎರಡೇ ಮಾತಿನಲ್ಲಿ. ಖಾಸಗಿ ಕಾಲೇಜು ಡಾರ್ಟ್‌ಮತ್‌ನ ಪುರುಷರ ಬಾಸ್ಕೆಟ್‌ಬಾಲ್ ತಂಡ 2024ರ ಮಾರ್ಚ್‌ನಲ್ಲಿ 13-2 ಮತದಿಂದ ಯೂನಿಯನ್ ಪರ ನಿಂತಿತು, ವರ್ಷದ ಕೊನೆಗೆ ಅರ್ಜಿ ವಾಪಸಾಯಿತು. ರಾಷ್ಟ್ರೀಯ ಕಾರ್ಮಿಕ ಮಂಡಳಿಯ ವ್ಯಾಪ್ತಿ ಖಾಸಗಿ ವಿಶ್ವವಿದ್ಯಾಲಯಗಳಿಗಷ್ಟೇ; ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಆಯಾ ರಾಜ್ಯದ ಕಾನೂನು. ಸಂದರ್ಶನದಲ್ಲಿ ಇದನ್ನು ತಪ್ಪು ಹೇಳಿದವರಿಗೆ ಎರಡನೇ ಸುತ್ತಿನ ಕರೆ ಬರುವುದು ಕಷ್ಟ.

ಕೋರ್ಸು ಆರಿಸುವಾಗ ಎಂಟರ್ಟೈನ್‌ಮೆಂಟ್ ಲಾ ಬಿಟ್ಟು ವೇತನ-ಗಂಟೆ ಕಾನೂನು, ಆಂಟಿಟ್ರಸ್ಟ್, ಇಮಿಗ್ರೇಷನ್ ತಗೊಳ್ಳಿ. ಕಂಪ್ಲೈಯನ್ಸ್ ಕೋಆರ್ಡಿನೇಟರ್ ಹುದ್ದೆಗೆ ಸಾಮಾನ್ಯವಾಗಿ ಬಾರ್ ಲೈಸೆನ್ಸ್ ಬೇಕಿಲ್ಲ, ಹಾಗಾಗಿ ಒಳಹೊಗಲು ಅದೇ ಬಾಗಿಲು. ಎಕ್ಸೆಲ್ ಬಾರದಿದ್ದರೆ ಮೊದಲು ಅದನ್ನು ಕಲಿಯಿರಿ.

ಇಮಿಗ್ರೇಷನ್ ಯಾಕೆ ಅಂದರೆ, ಟೆನಿಸ್, ಈಜು, ಗಾಲ್ಫ್ ಸ್ಕಾಲರ್‌ಶಿಪ್ ಹಿಡಿದು ಬೆಂಗಳೂರಿನಿಂದ ಹೋಗುವ ಮಕ್ಕಳದ್ದು ಎಫ್-1 ವೀಸಾ. ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ, ಹೊರಗಿನದಕ್ಕೆ ಪ್ರತ್ಯೇಕ ಅನುಮತಿ. ಕೆಂಟಕಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶೀಬ್ವೆ 2022ರಲ್ಲಿ ತಂಡದ ಜೊತೆ ಬಹಾಮಾಸ್‌ಗೆ ಹೋದಾಗ ಪ್ರಚಾರದ ಕೆಲಸಗಳನ್ನು ಅಲ್ಲಿ ಮುಗಿಸಿಕೊಂಡದ್ದು ಇದೇ ಕಾರಣಕ್ಕೆ. ನಮ್ಮ ಮಕ್ಕಳು ರಜೆಗೆ ಊರಿಗೆ ಬಂದಾಗ ಶೂಟಿಂಗ್ ಮಾಡಿಸುವ ಆಲೋಚನೆಯೂ ಅದೇ ದಾರಿಯದು. ತೆರಿಗೆ ಲೆಕ್ಕ ಬೇರೆ. ಸಹಿಗೆ ಮುಂಚೆ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಬರಹದಲ್ಲಿ ಉತ್ತರ ತಗೊಳ್ಳಿ, ವೀಸಾ ವಕೀಲರಿಗೆ ಕರಾರು ತೋರಿಸಿ. ‘ಏನೂ ಆಗಲ್ಲ’ ಅನ್ನುವ ಕೋಚ್‌ಗೆ ವೀಸಾ ರದ್ದಾಗುವುದಿಲ್ಲ, ಮಗುವಿಗೆ ಆಗುತ್ತದೆ.