ಶೇಕಡಾ 25ರ ಲೆಕ್ಕ ಪ್ರತಿ ಮಗುವಿಗೂ ಹೊಸದು

ತಂದೆ ತಾಯಿ ಇಬ್ಬರೂ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತರೋಗದ ವಾಹಕರಾಗಿದ್ದರೆ (ಅಂದರೆ ತಮಗೆ ರೋಗವಿಲ್ಲದಿದ್ದರೂ ಅದರ ಒಂದು ದೋಷಯುಕ್ತ ಜೀನ್ ಹೊಂದಿದ್ದರೆ) ಅವರ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ರೋಗ ಬಂದೇ ಬರುತ್ತದೆ ಎಂದು ಈ ರೋಗದ ಕುರಿತ ಲೇಖನವೊಂದರಲ್ಲಿ ಬರೆದಿರುವುದು ಸರಿಯಲ್ಲ. ತಂದೆ ತಾಯಿಯ ಜೀನ್‌ಗಳು ಮಗುವಿನಲ್ಲಿ ಸೇರಬಹುದಾದ ಬಗೆಗಳನ್ನು ತೋರಿಸುವ ಪನೆಟ್ ಚೌಕದ ನಾಲ್ಕು ಮನೆಗಳು ನಾಲ್ಕು ಮಕ್ಕಳಲ್ಲ. ಅವು ಒಂದೇ ಮಗುವಿನ ಮುಂದಿರುವ ನಾಲ್ಕು ಸಮಾನ ಸಾಧ್ಯತೆಗಳು; ಅವುಗಳಲ್ಲಿ ಒಂದು ರೋಗದ್ದು. ಪ್ರತಿ ಗರ್ಭಧಾರಣೆಯಲ್ಲೂ ಶೇಕಡಾ 25ರ ಲೆಕ್ಕ ಹೊಸದಾಗಿಯೇ ಆರಂಭವಾಗುವುದರಿಂದ, ನಾಲ್ಕು ಮಕ್ಕಳಿರುವ ಅಂಥ ಕುಟುಂಬದಲ್ಲಿ ಯಾರಿಗೂ ರೋಗ ಬಾರದಿರುವ ಸಂಭವ 256ರಲ್ಲಿ 81, ಅಂದರೆ ಸುಮಾರು ಶೇಕಡಾ 32. ಮೊದಲ ಮಗುವಿಗೆ ಬಂದಾಯಿತು, ಇನ್ನು ಉಳಿದವರು ಪಾರು ಎಂದು ನಂಬಿ ಪರೀಕ್ಷೆ ಮಾಡಿಸದೆ ಕುಳಿತರೆ ಆಗುವ ಅನಾಹುತವನ್ನು ಲೇಖಕರು ಯೋಚಿಸಬೇಕಿತ್ತು. ಲೇಖನದಲ್ಲಿ ಆಧಾರವಾಗಿ ಕೊಟ್ಟಿರುವ, ತಳಿವಿಜ್ಞಾನದ ಪಿತಾಮಹ ಮೆಂಡೆಲ್ ಅವರ 3:1 ಅನುಪಾತವೂ 5,474 ದುಂಡು ಹಾಗೂ 1,850 ಸುಕ್ಕು ಬಟಾಣಿ ಕಾಳುಗಳ ಒಟ್ಟು ಲೆಕ್ಕದಲ್ಲಿ ಕಂಡದ್ದು. ಬಿಡಿ ಗಿಡಗಳ ಪೈಕಿ ಒಂದರಲ್ಲಿ 43 ದುಂಡು, 2 ಸುಕ್ಕು, ಇನ್ನೊಂದರಲ್ಲಿ 14 ದುಂಡು, 15 ಸುಕ್ಕು ಕಾಳುಗಳಿದ್ದವೆಂದು 1866ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರೇ (ಮುಚ್ಚುಮರೆಯಿಲ್ಲದೆ) ದಾಖಲಿಸಿದ್ದಾರೆ. ರೋಗಿಯ ಆರೋಗ್ಯವಂತ ಒಡಹುಟ್ಟಿದವರು ವಾಹಕರಾಗಿರುವ ಸಂಭವ ಅರ್ಧ ಎಂಬ ಲೇಖನದ ಮಾತೂ ತಪ್ಪು; ರೋಗವಿಲ್ಲವೆಂದು ಖಚಿತವಾದ ಮೇಲೆ ಚೌಕದಲ್ಲಿ ಉಳಿಯುವ ಮೂರು ಮನೆಗಳ ಪೈಕಿ ಎರಡು ವಾಹಕರವಾದ್ದರಿಂದ, ಅದು ಮೂರರಲ್ಲಿ ಎರಡು.