ನೀನು ಎಲ್ಲಿ ಕೂತಿದ್ದೆ?

ಇವತ್ತು ಮಧ್ಯಾಹ್ನ ಫೌಂಡೇಷನ್ ಮಕ್ಕಳ ಸ್ಕೆಚ್ ಬುಕ್ ನೋಡುತ್ತಾ ಕೂತಿದ್ದೆ. ಬಿವಿಎ ಅಂದರೆ ಚಿತ್ರಕಲೆಯ ಪದವಿ, ಅದರ ಮೊದಲ ವರ್ಷ, 32 ಮಕ್ಕಳು. ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಕೂತು ತಲಾ 50 ಸ್ಕೆಚ್ ಮಾಡಿಕೊಂಡು ಬನ್ನಿ ಅಂದಿದ್ದೆ. ಹತ್ತನೇ ಪುಸ್ತಕಕ್ಕೆ ಬರುವಷ್ಟರಲ್ಲಿ ಕೋಪ ಬಂತು. ಇಪ್ಪತ್ತನೆಯದಕ್ಕೆ ಅಳು ಬಂದ ಹಾಗಾಯಿತು.

ಹೆಚ್ಚುಕಡಿಮೆ ಎಲ್ಲರ ಪುಸ್ತಕದಲ್ಲೂ ಒಂದೇ ಹೂವಿನ ರಾಶಿ. ಒಂದೇ ಕಡೆಯಿಂದ, ಮೇಲಿನಿಂದ. ಅಲ್ಲಿಗೆ ಹೋದವರಿಗೆ ಗೊತ್ತು. ಮೇಲಿನ ಮಹಡಿಯಲ್ಲಿ ನಿಂತು ಬಗ್ಗಿ ನೋಡಿದರೆ ಚೆಂಡು ಹೂ, ಸೇವಂತಿಗೆ, ಗುಲಾಬಿ ಎಲ್ಲಾ ಒಟ್ಟಿಗೆ ಕಾಣುತ್ತದೆ. ಫೋಟೋ ತೆಗೆಯುವವರೆಲ್ಲ ನಿಲ್ಲುವ ಜಾಗ ಅದು. ನಮ್ಮ ಮಕ್ಕಳೂ ಅಲ್ಲೇ ನಿಂತಿದ್ದಾರೆ. ಮೊಬೈಲ್ ತೆಗೆದು ನಾಲ್ಕು ಫೋಟೋ ಹೊಡೆದು ವಾಪಸ್ ಬಂದಿದ್ದಾರೆ. ಸಬ್ಮಿಷನ್ ಹಿಂದಿನ ರಾತ್ರಿ ಸ್ಕ್ರೀನ್ ನೋಡಿಕೊಂಡು 50 ಮುಗಿಸಿದ್ದಾರೆ.

ನೋಡಲು ಚೆನ್ನಾಗಿವೆ. ಗೆರೆ ನೀಟಾಗಿದೆ, ಶೇಡಿಂಗ್ ಇದೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಫೋಟೋ ನೋಡಿ ಮಾಡಿದ್ದು ಗೊತ್ತಾಗಿಬಿಡುತ್ತದೆ. ಫೋನಿನ ಲೆನ್ಸ್ ಅಗಲವಾಗಿ ಹಿಡಿಯುತ್ತದೆ. ಹತ್ತಿರ ಇರುವ ಕೈ ದಪ್ಪ ಆಗುತ್ತದೆ, ಹಿಂದಿರುವ ತಲೆ ಚಿಕ್ಕದಾಗುತ್ತದೆ. ಅದೇ ಕೈ, ಅದೇ ತಲೆ ಪುಸ್ತಕಕ್ಕೆ ಬಂದಿದೆ. ಅಂಚಿನಲ್ಲಿ ನಿಂತವನ ಭುಜ ಸ್ಕೇಲ್ ಇಟ್ಟು ಕತ್ತರಿಸಿದ ಹಾಗಿದೆ. ಎದುರಿಗೆ ಕೂತು ಬಿಡಿಸಿದ ಸ್ಕೆಚ್‌ನಲ್ಲಿ ಅರ್ಧಕ್ಕೆ ನಿಂತ ಮನುಷ್ಯರು ಇರುತ್ತಾರೆ. ಚೌಕಾಸಿ ಮಾಡುತ್ತಿದ್ದವನು ಹೊರಟುಹೋಗುತ್ತಾನೆ, ಮೂಟೆ ಹೊತ್ತವನು ಅಡ್ಡ ಬರುತ್ತಾನೆ. ಫೋಟೋ ನೋಡಿ ಮಾಡಿದ ಸಾವಿರದ ಐನೂರಕ್ಕೂ ಜಾಸ್ತಿ ಸ್ಕೆಚ್ ನೋಡಿದೆ. ಒಬ್ಬರೂ ಎದ್ದು ಹೋಗಿಲ್ಲ, ಒಬ್ಬರೂ ಅಡ್ಡ ಬಂದಿಲ್ಲ. ಅಷ್ಟು ನಿಶ್ಶಬ್ದವಾದ ಮಾರ್ಕೆಟ್ ಎಲ್ಲಿದೆ ಹೇಳಿ?

ಮೊದಲ ವರ್ಷದಲ್ಲಿ ನಾವು ಕಲಿಸುವುದೇ ನೋಡುವುದನ್ನು. ಕೈ ನೆಟ್ಟಗೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್‌ನಲ್ಲಿ ಅಳತೆ ಹಿಡಿಯುವುದು. ಮಡಕೆಗಿಂತ ಮೊದಲು ಮಡಕೆಗೂ ಚೊಂಬಿಗೂ ನಡುವೆ ಉಳಿದ ಖಾಲಿ ಜಾಗದ ಆಕಾರ ನೋಡುವುದು. ಕಾಗದದ ಕಡೆ ಕಣ್ಣು ಹಾಯಿಸದೆ, ಎದುರಿಗಿರುವ ಗೆಳತಿಯ ಮುಖದ ಅಂಚಿನಲ್ಲೇ ಕಣ್ಣಿಟ್ಟು ಗೆರೆ ಎಳೆಯುವುದು. ಆ ಗೆರೆ ವಕ್ರ ಬರುತ್ತದೆ, ಬರಲಿ. ಎರಡು ತಿಂಗಳು ರಬ್ಬರ್ ಮುಟ್ಟಲು ಬಿಡುವುದಿಲ್ಲ ನಾನು. ಸ್ಟುಡಿಯೋದಲ್ಲಿ ಎಲ್ಲಾ ಮಾಡುತ್ತಾರೆ ಮಕ್ಕಳು. ಗೇಟ್ ದಾಟಿದ ಮೇಲೆ ಅವರ ಬದಲು ಫೋನ್ ನೋಡುತ್ತದೆ.

ಇದನ್ನು ಹೇಳಿದರೆ ಸ್ಟಾಫ್ ರೂಮಿನಲ್ಲೇ ವಾದ ಶುರುವಾಗುತ್ತದೆ. ಕಾಲ ಬದಲಾಗಿದೆ, ನಾಳೆ ಟ್ಯಾಬ್ ಹಿಡಿದು ಕೆಲಸ ಮಾಡುವ ಮಕ್ಕಳು, ರವಿವರ್ಮನೂ ಫೋಟೋ ನೋಡಿಕೊಂಡು ಬಿಡಿಸುತ್ತಿದ್ದ ಅಲ್ವಾ ಅಂತಾರೆ. ಹೌದು, ಬಿಡಿಸುತ್ತಿದ್ದ. ಆದರೆ ಫೋಟೋದಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅಂತ ಅವನ ಕಣ್ಣಿಗೆ ಗೊತ್ತಿತ್ತು. ನಮ್ಮ ಹುಡುಗರು ಕಾಲೇಜಿಗೆ ಬಂದು ಮೂರು ತಿಂಗಳಾಗಿದೆ. ಇನ್ನು ಟ್ಯಾಬ್ ವಿಷಯ. ಅನಿಮೇಷನ್‌ನವರೂ ಪೋರ್ಟ್‌ಫೋಲಿಯೋದಲ್ಲಿ ಗೆಸ್ಚರ್ ಡ್ರಾಯಿಂಗ್, ಅಂದರೆ ಮೈಯ ಚಲನೆಯನ್ನು ಬೇಗ ಬೇಗ ಗೆರೆಯಲ್ಲಿ ಹಿಡಿದ ಚಿತ್ರ, ಎಲ್ಲಿ ಅಂತ ಕೇಳುತ್ತಾರೆ. ಉಡುಪಿ ಕಡೆಯ ಕಟ್ಟಿಂಗೇರಿಯ ಕಲಾವಿದ ಕೆ.ಕೆ. ಹೆಬ್ಬಾರ್ ಕುಣಿಯುವವರ ಲಯ ತಿಳಿಯಬೇಕು ಅಂತ ಕಥಕ್ಕನ್ನೇ ಕಲಿತರು. ಕೂತು ನೋಡಿದ್ದು ಸಾಲದು ಅಂತ ಅವರು ಎದ್ದು ಕುಣಿದರು! 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಬಂಗಾಳದ ಕಲಾವಿದ ನಂದಲಾಲ್ ಬೋಸ್ ಮಾಡಿದ ಪೋಸ್ಟರ್‌ಗಳನ್ನು ನೋಡಿ. ಅವುಗಳಲ್ಲಿ ಡೋಲು ಬಾರಿಸುವವನ ಮೈಯಲ್ಲಿ ಎಷ್ಟು ಕಡಿಮೆ ಗೆರೆ, ಆದರೂ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಕಾಣುತ್ತದೆ. ಊರಿನ ಜನರ ಮಧ್ಯೆ ಸ್ಕೆಚ್ ಮಾಡಿ ಮಾಡಿ ಬಂದ ಗೆರೆ ಅದು.

ಒಂದು ಮಾತು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಒಬ್ಬಳು ಹುಡುಗಿ ಮೆಲ್ಲಗೆ ಹೇಳಿದಳು: "ಮೇಡಂ, ಕೆಳಗೆ ಕೂತರೆ ಎಲ್ಲರೂ ಸುತ್ತ ನಿಲ್ಲುತ್ತಾರೆ. ಹೆದರಿಕೆ ಆಗುತ್ತೆ." ಅದು ನೆಪ ಅಲ್ಲ. ನನಗೆ ಗೊತ್ತು.

ಇಲ್ಲಿ ಯಾವತ್ತೂ ಬರೆದಿಲ್ಲ, ಇವತ್ತು ಬರೆಯುತ್ತೇನೆ. ನಾನು ಮೊದಲ ವರ್ಷದಲ್ಲಿದ್ದಾಗ ನಮಗೂ ಇದೇ ಕೆಲಸ ಕೊಟ್ಟಿದ್ದರು. ಹತ್ತು ನಿಮಿಷ ಕೂತೆ. ಯಾರೋ ಹಿಂದಿನಿಂದ ಬಗ್ಗಿ ನೋಡಿದ, ಏನೋ ಅಂದ. ಎದ್ದು ಮನೆಗೆ ಓಡಿದೆ. ವಾರಪತ್ರಿಕೆಯ ಫೋಟೋಗಳನ್ನು ಕಿಟಕಿ ಗಾಜಿಗೆ ಹಿಡಿದು ಟ್ರೇಸ್ ಮಾಡಿದೆ. ನಮ್ಮ ಸರ್ ಬೈಯಲಿಲ್ಲ. ಒಂದೊಂದೇ ಹಾಳೆ ತಿರುಗಿಸಿ, "ಇದರಲ್ಲಿ ನೀನು ಎಲ್ಲಿ ಕೂತಿದ್ದೆ ಮಗಳೇ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಅವರೇ ನನ್ನ ಪಕ್ಕ ಒಂದು ಪೇಪರ್ ಹಾಸಿಕೊಂಡು ಕೂತರು. ಇಡೀ ಬೆಳಿಗ್ಗೆ. ನನಗೆ ಸ್ಕೆಚಿಂಗ್ ಬಂದಿದ್ದು ಆ ಬೆಳಿಗ್ಗೆಯಿಂದ.

ಇವತ್ತು ಅದೇ ಪ್ರಶ್ನೆ ನಾನು ಎಲ್ಲರಿಗೂ ಕೇಳಿದೆ. ತಲೆ ತಗ್ಗಿಸಿದರು. ಹಾವೇರಿ ಕಡೆಯ ಒಬ್ಬ ಹುಡುಗ ಮಾತ್ರ ತಟ್ಟನೆ ಹೇಳಿದ: "ಮೆಟ್ಲ ಕೆಳಗ್ರೀ ಮೇಡಂ, ಹೂವಿನ ಅಜ್ಜಿ ಬಾಜೂಕ."

ಅವನ ಪುಸ್ತಕ ಕೊಳಕಾಗಿತ್ತು. ಚಾರ್‌ಕೋಲ್ ಉಜ್ಜಿಹೋಗಿತ್ತು, ನೀರು ಬಿದ್ದಿತ್ತು. 50ರ ಬದಲು 19 ಇದ್ದವು. ಒಂದು ಪುಟದಲ್ಲಿ ಬರೀ ಕೈಗಳು. ಅಜ್ಜಿ ಹೂವನ್ನು ಮೊಳ ಹಾಕುತ್ತಿರುವ ಕೈ, ಏಳು ಸಲ ಬಿಡಿಸಿದ್ದಾನೆ. ಒಂದರಲ್ಲಿ ಮೊಣಕೈ ತಪ್ಪಿದೆ, ಇನ್ನೊಂದರಲ್ಲಿ ಬೆರಳು ಆರಾಗಿದೆ. ಏಳನೆಯದರಲ್ಲಿ ಹೂವಿನ ತುದಿಯನ್ನು ಬೆರಳಿಗೂ ಮೊಣಕೈಗೂ ಎಳೆದು ಹಿಡಿಯುವ ಆ ಬಿಗಿ ಬಂದುಬಿಟ್ಟಿದೆ. ಯಾಕೋ ಇಷ್ಟು ಸಲ ಅಂದೆ. "ಆಕಿ ಕೈ ಒಂದ್ ಕಡಿ ನಿಲ್ಲಲೇ ಇಲ್ರೀ ಮೇಡಂ" ಅಂದ. ಮಾರ್ಕ್ಸ್ ಕಡಿಮೆ ಮಾಡಬೇಡಿ ಅಂತಲೂ ಕೇಳಿಕೊಂಡ. ನನಗೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಈ ಶನಿವಾರ ಎಲ್ಲರನ್ನೂ ಮತ್ತೆ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಿಗ್ಗೆ ಐದೂವರೆಗೆ. ಫೋನ್‌ಗಳೆಲ್ಲ ನನ್ನ ಚೀಲದಲ್ಲಿ. ಮೇಲಿನ ಮಹಡಿಗೆ ಯಾರೂ ಹತ್ತುವ ಹಾಗಿಲ್ಲ. ಹುಡುಗಿಯರು ಮೂವರು ಮೂವರಾಗಿ ಕೂರುತ್ತಾರೆ, ನಾನೂ ಅವರ ಪಕ್ಕ ಪೇಪರ್ ಹಾಸಿಕೊಂಡು ಕೂರುತ್ತೇನೆ. ನಿಮ್ಮಲ್ಲಿ ಯಾರಾದರೂ ಆ ಹೊತ್ತಿಗೆ ಹೂ ತರಲು ಬಂದರೆ, ದಯವಿಟ್ಟು ಮಕ್ಕಳ ಹಿಂದೆ ನಿಂತು ಬಗ್ಗಿ ನೋಡಬೇಡಿ. ಅವರ ಫೋಟೋನೂ ತೆಗೆಯಬೇಡಿ. ಸುಮ್ನೆ ಸ್ವಲ್ಪ ದಾರಿ ಬಿಟ್ಟು ನಡೆಯಿರಿ.