ಹಾಡು ಬಿಡುಗಡೆಯಾಗಿದೆ, ಕೇಳಿದವರು ಕೈ ಎತ್ತಿ

ಕೊಡಗಿನ ರಾಕ್ ಬ್ಯಾಂಡೊಂದು ಪಾಪ್ ಸಿಂಗಲ್ ಬಿಡುಗಡೆ ಮಾಡಿದೆ. ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ಈ ಅಂಕಣದ ಎರಡು ಪದ ಕತ್ತರಿಸಿ, 'ವಿಮರ್ಶಕರ ಮೆಚ್ಚುಗೆ' ಅಂತ ಪೋಸ್ಟರ್ ಮಾಡಿಬಿಡುತ್ತಾರೆ.

ಹಾಡು ಮೂರು ನಿಮಿಷದ್ದು. ಪ್ರಚಾರ ಮೂರು ತಿಂಗಳದ್ದು. ಮೊದಲು 'ದೊಡ್ಡ ಸುದ್ದಿ ಇದೆ' ಎಂಬ ಪೋಸ್ಟರ್ ಬಂತು. ಆಮೇಲೆ, ಹಾಡಿನ ಹೆಸರು ಯಾವತ್ತು ಹೇಳುತ್ತೇವೆ ಎಂದು ಹೇಳುವ ಪೋಸ್ಟರ್. ನಂತರ ಟೀಸರ್. ಅದರ ಹಿಂದೆಯೇ ಟೀಸರ್ ನೋಡಿದವರಿಗೆಲ್ಲ ಧನ್ಯವಾದದ ಪೋಸ್ಟರ್. ಎಲ್ಲದರಲ್ಲೂ ಐದು ಜನ ರಾಜಾಸೀಟಿನ ಮಂಜಿನಲ್ಲಿ ನಿಂತು ಐದು ಕಡೆ ನೋಡುತ್ತಿದ್ದರು. ರಾಕ್ ಬ್ಯಾಂಡಿನವರು ಒಂದೇ ಕಡೆ ನೋಡಬಾರದು ಅಂತ ಎಲ್ಲೋ ಬರೆದಿಟ್ಟಿರಬೇಕು. ಹಿಂದೆ ಮಂಜು ಬಿಟ್ಟರೆ ಏನೂ ಕಾಣದ ಆ ಫೋಟೋವನ್ನು ಅಡುಗೆಮನೆಯ ಹೊಗೆಯಲ್ಲಿ ತೆಗೆದಿದ್ದರೂ ನಡೆಯುತ್ತಿತ್ತು.

ದಿನ ಗೊತ್ತುಮಾಡಿದ್ದು ಕಕ್ಕಡದಲ್ಲಿ, ಅಂದರೆ ಕೊಡವರ ಮಳೆಗಾಲದ ತಿಂಗಳಲ್ಲಿ. ಜಡಿಮಳೆ, ಕೆಸರು, ಮುರಿದ ಮರ, ಕಡಿದ ಕರೆಂಟ್ ತಂತಿ. "ಕಕ್ಕಡದಲ್ಲಿ ಯಾರಾದ್ರೂ ಶುಭಕಾರ್ಯ ಇಟ್ಕೊಳ್ತಾರಾ ಮಕ್ಕಳೇ?" ಎಂದು ಹಿರಿಯರೊಬ್ಬರು ಕೇಳಿದರು. "ಶುಕ್ರವಾರವೇ ಬಿಡಬೇಕು ತಾತ, ಇಂಟರ್‌ನ್ಯಾಷನಲ್ ರೂಲ್" ಎಂದ ಗಿಟಾರಿನ ಹುಡುಗ. ಅದು ಸುಳ್ಳಲ್ಲ. 2015ರ ಜುಲೈನಿಂದ ಜಗತ್ತಿನ ಬಹುಪಾಲು ಕಡೆ ಹೊಸ ಸಂಗೀತ ಬರುವುದು ಶುಕ್ರವಾರವೇ. "ಶುಕ್ರವಾರ ತುಲಾ ತಿಂಗಳಲ್ಲೂ ಬರ್ತದಲ್ಲ?" ಎಂದರು ತಾತ. ಇದಕ್ಕೆ ಇಂಟರ್‌ನ್ಯಾಷನಲ್ ಉತ್ತರ ಇರಲಿಲ್ಲ.

ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಹಾಗಾಗಿ ಬೆಳಗ್ಗೆಯಿಂದಲೇ ಆಟೋಗೆ ಮೈಕ್ ಕಟ್ಟಿ ಕೂಗಿಸಿದರು. "ಕೇಳಿರಿ, ಕೇಳಿರಿ, ಎಲ್ಲರೂ ಕೇಳಲೇಬೇಕಾದ ಹಾಡು!" ಆಟೋದಲ್ಲಿ ಸ್ಪೀಕರ್ ಇತ್ತು, ಪೆನ್‌ಡ್ರೈವ್ ಇತ್ತು, ಎದುರಿಗೆ ತರಕಾರಿ ಚೀಲ ಹಿಡಿದ ಜನರೂ ಇದ್ದರು. ಹಾಡು ಮಾತ್ರ ಹಾಕಲಿಲ್ಲ. ಸಂಜೆ ಅತಿಥಿಗಳು ಬಿಡುಗಡೆ ಮಾಡುವ ತನಕ ಹಾಕುವ ಹಾಗಿಲ್ಲವಂತೆ.

ಸಂಜೆಯ ಸಮಾರಂಭದಲ್ಲಿ ಒಂದು ತೊಡಕು ಎದ್ದಿತು. ಬಿಡುಗಡೆ ಅಂದ ಮೇಲೆ ವೇದಿಕೆಯಲ್ಲಿ ಏನನ್ನಾದರೂ ಬಿಚ್ಚಬೇಕಲ್ವಾ? ಕ್ಯಾಸೆಟ್ ಕಾಲದಲ್ಲಿ ಬಣ್ಣದ ಕಾಗದ ಹರಿದು, ಕ್ಯಾಸೆಟ್ಟನ್ನು ಎದೆಯ ಮಟ್ಟಕ್ಕೆ ಹಿಡಿದು ನಕ್ಕರೆ ಕೆಲಸ ಮುಗಿಯುತ್ತಿತ್ತು. ಈಗಿನ ಹಾಡಿಗೆ ಮೈಯೇ ಇಲ್ಲ. ಕೊನೆಗೆ ಒಂದು ಕ್ಯೂಆರ್ ಕೋಡಿಗೆ ಫ್ರೇಮ್ ಹಾಕಿಸಿ, ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿದರು. ಮುಖ್ಯ ಅತಿಥಿಗಳು ಬಿಚ್ಚಿ, ತಲೆಕೆಳಗಾಗಿ ಹಿಡಿದರು. ಕ್ಯೂಆರ್ ಕೋಡ್ ಹೇಗೆ ಹಿಡಿದರೂ ಸ್ಕ್ಯಾನ್ ಆಗುತ್ತದೆ, ಅದೊಂದು ಪುಣ್ಯ. ಸಭೆಯಲ್ಲಿದ್ದವರೆಲ್ಲ ಫೋನ್ ಎತ್ತಿದರು. ನೆಟ್‌ವರ್ಕ್ ಇರಲಿಲ್ಲ. ಎರಡು ದಿನದಿಂದ ಕರೆಂಟ್ ಇಲ್ಲದೆ ಟವರ್ ಕೂಡ ಮಲಗಿತ್ತು.

ಭಾಷಣಗಳಿಗೆ ನೆಟ್‌ವರ್ಕ್ ಬೇಡವಲ್ಲ, ಅವು ನಡೆದವು. ಮುಖ್ಯ ಅತಿಥಿಗಳು ಹಾಕಿಯ ಬಗ್ಗೆ ಮಾತಾಡಿದರು. ಕೊಡಗಿನಲ್ಲಿ ಏನೂ ತೋಚದಿದ್ದಾಗ ಹಾಕಿಯ ಬಗ್ಗೆ ಮಾತಾಡಬಹುದು. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಪಂದ್ಯಾವಳಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ತನಕ ಬೆಳೆದದ್ದನ್ನು ವಿವರಿಸಿ, ಬ್ಯಾಂಡ್ ಕೂಡ ಹಾಗೇ ಬೆಳೆಯಲಿ ಎಂದು ಹರಸಿದರು. 360 ಗಿಟಾರು ಅಂದುಕೊಂಡು ನನಗೆ ಒಮ್ಮೆ ಎದೆ ಝಲ್ಲೆಂದಿತು. ಆಮೇಲೆ ಪಂದಿಕರಿ, ಕಡಂಬಿಟ್ಟು. ವಾಲಗದವರು ನುಡಿಸಿದರು, ಎಲ್ಲರೂ ಕುಣಿದರು. ಕುಣಿದವರಲ್ಲಿ ಕೆಲವರು 'ಹೊಸ ಹಾಡು ಭರ್ಜರಿಯಾಗಿದೆ' ಎಂದು ಬ್ಯಾಂಡಿನವರ ಬೆನ್ನು ತಟ್ಟಿ ಹೋದರು.

ಹಳೆಯ ಅಭಿಮಾನಿಗಳಿಗೆ ಮಾತ್ರ ಸಿಟ್ಟು ಬಂದಿತ್ತು. ರಾಕ್ ಬಿಟ್ಟು ಪಾಪ್‌ಗೆ ಹೋದರು, ತಮ್ಮನ್ನು ಮಾರಿಕೊಂಡರು ಎಂಬ ಆರೋಪ. ಮಾರಿಕೊಂಡರು ಸರಿ, ಕೊಂಡವರು ಯಾರು ಸ್ವಾಮಿ? 1966ರಲ್ಲಿ ಜಾನಪದ ಶೈಲಿಯ ಹಾಡುಗಾರ ಬಾಬ್ ಡಿಲನ್ ಮ್ಯಾಂಚೆಸ್ಟರ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಸಭಿಕನೊಬ್ಬ 'ಜೂಡಾಸ್', ಅಂದರೆ ದ್ರೋಹಿ, ಎಂದು ಕೂಗಿದ್ದ. ಪಾಪ, ಆತ ಒಳಗೆ ಕೂತು, ಹಾಡು ಕೇಳಿ, ಆಮೇಲೆ ಬೈದವನು. ನಮ್ಮವರಿಗೆ ಅಷ್ಟು ಪುರುಸೊತ್ತಿಲ್ಲ. ಪೋಸ್ಟರಿನಲ್ಲಿ ಡ್ರಮ್ಮರ್ ನಗುತ್ತಿದ್ದ, ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿಯಿತು.

ಕರೆಂಟ್ ಬಂದ ಮೇಲೆ ಲಿಂಕ್ ಕಳಿಸುವ ಕಾರ್ಯಕ್ರಮ. ಒಂದು ಒಕ್ಕದ (ಕೊಡವ ಮನೆತನದ) ಗ್ರೂಪ್ ಬಿಡಲಿಲ್ಲ, ಒಂದು ಬೆಳೆಗಾರರ ಗ್ರೂಪ್ ಬಿಡಲಿಲ್ಲ. 2014ರಲ್ಲಿ ಯು2 ಬ್ಯಾಂಡಿನ ಹೊಸ ಆಲ್ಬಂ ಆಪಲ್ ಕೃಪೆಯಿಂದ 50 ಕೋಟಿ ಐಟ್ಯೂನ್ಸ್ ಖಾತೆಗಳಿಗೆ ಕೇಳದೇ ಬಂದು ಬಿದ್ದಿತ್ತು. ಜನ ರೇಗಿದ ರೇಗಿಗೆ, ಅದನ್ನು ಅಳಿಸಲೆಂದೇ ಆಪಲ್ ಒಂದು ಬೇರೆ ಪುಟ ಮಾಡಿಕೊಟ್ಟಿತು. ನಮ್ಮಲ್ಲಿ ಆ ತೊಂದರೆ ಇಲ್ಲ. ಲಿಂಕಿಗೆ ಎಲ್ಲರೂ ಬೆಂಕಿ ಚಿತ್ರ, ಚಪ್ಪಾಳೆ ಚಿತ್ರ ಒತ್ತಿ, ಮೆಣಸಿನ ರೇಟು ನೋಡಲು ಹೋಗುತ್ತಾರೆ. ಲಿಂಕ್ ಒತ್ತುವುದಿಲ್ಲ.

ಆದರೂ ಎಣಿಕೆ ಏರುತ್ತಿದೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದಂತೆ ಲೆಕ್ಕ. ಡ್ರಮ್ಮರ್‌ನ ಅಮ್ಮ ಸೌಂಡ್ ಪೂರ್ತಿ ಇಳಿಸಿ, ಹಾಡನ್ನು ರಾತ್ರಿಯಿಡೀ ಓಡಿಸಿ ಮಲಗುತ್ತಾರಂತೆ. ಇಡೀ ಜಿಲ್ಲೆಯಲ್ಲಿ ಈ ಹಾಡನ್ನು ಅತಿ ಹೆಚ್ಚು ಸಲ ಹಾಕಿದವರು ಅವರೇ. ಹೇಗಿದೆ ಅಂತ ಅವರಿಗೂ ಗೊತ್ತಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಚಿಕೋರಿ ವಿವಾದ ಬಂತು. ಹಾಡಿನಲ್ಲಿ 'ಚಿಕೋರಿ ಬೆರೆಸಿದ ಕಾಫಿಯೇ ಚೆಂದ' ಎಂಬ ಸಾಲಿದೆ ಅಂತ ಯಾರೋ ಹಬ್ಬಿಸಿದರು. ಕಾಫಿ ಬೆಳೆಯುವ ನಾಡಿನಲ್ಲಿ ಇಂಥ ಮಾತೇ? ಕಾನೂನೇ ಪುಡಿಗೆ 49 ಶೇಕಡಾ ತನಕ ಚಿಕೋರಿ ಬೆರೆಸಲು ಬಿಟ್ಟಿದೆ, ಅದರ ಮೇಲೆ ಯಾರಿಗೂ ಸಿಟ್ಟಿಲ್ಲ. ಹಾಡಿನ ಮೇಲೆ ಬಂತು. ಸಭೆ ಸೇರಿತು, ಖಂಡನೆ ಆಯಿತು, ತಹಶೀಲ್ದಾರರಿಗೆ ಮನವಿ ಹೋಯಿತು. ಸಭೆಗೆ ಬಂದ ಎಲ್ಲರ ಜೇಬಿನಲ್ಲೂ ಫೋನ್ ಇತ್ತು, ಅವತ್ತು ನೆಟ್‌ವರ್ಕ್ ಕೂಡ ಚೆನ್ನಾಗಿತ್ತು.

ಬ್ಯಾಂಡಿನವರು ಹೆದರಿ ಕ್ಷಮೆ ಕೇಳಿದರು. ಆ ಸಾಲನ್ನು ತೆಗೆದುಹಾಕಿದ್ದೇವೆ ಎಂದು ಹೇಳಿಕೆ ಕೊಟ್ಟರು. ಇಲ್ಲದ ಸಾಲನ್ನು ಎಲ್ಲಿಂದ ತೆಗೆದರು ಅಂತ ಯಾರೂ ಕೇಳಲಿಲ್ಲ. ಬೆಳೆಗಾರರು ಸಮಾಧಾನವಾದರು. ಹಳೆಯ ಅಭಿಮಾನಿಗಳು ಮತ್ತೆ ರೇಗಿದ್ದಾರೆ. ಆ ಸಾಲು ತೆಗೆದ ಮೇಲೆ ಹಾಡಿನಲ್ಲಿ ಮೊದಲಿನ ದಮ್ಮೇ ಇಲ್ಲವಂತೆ.